ಬಿಡುವಿಲ್ಲದೆ ಓದಿದ ಯಂತ್ರ

ಒಂದು ಹಳೆಯ ದಿನಪತ್ರಿಕೆ ತೆಗೆದುಕೊಳ್ಳಿ. ‘ತಿಂದ’, ‘ತಿಂದರು’ ಎಂದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಅದರ ಹಿಂದಿನ ಪದವನ್ನು ಅಂಚಿನಲ್ಲಿ ಬರೆದಿಡಿ. ಇಡ್ಲಿ ತಿಂದ, ದೋಸೆ ತಿಂದ, ಬಾಳೆಹಣ್ಣು ತಿಂದ. ಕನ್ನಡ ಬಾರದವರ ಕೈಗೆ ಈ ಪಟ್ಟಿ ಕೊಟ್ಟು, ಇಡ್ಲಿ ಮತ್ತು ದೋಸೆ ತಿನ್ನುವ ಪದಾರ್ಥ ಎಂದಷ್ಟೇ ಹೇಳಿ. ಬಾಳೆಹಣ್ಣೂ ಅದೇ ಗುಂಪಿನದು ಎಂದು ಅವರೇ ಹೇಳುತ್ತಾರೆ. ಪದದ ಅರ್ಥ ಗೊತ್ತಿಲ್ಲದಿದ್ದರೂ ಅದು ಕೂತ ಜಾಗ ನೋಡಿ ಜಾತಿ ಹಿಡಿಯಬಹುದು. ಕಂಪ್ಯೂಟರಿಗೆ ಓದು ಕಲಿಸಲು ಹೊರಟ ಹಲವರು ಹಿಡಿದದ್ದು ಈ ಎಳೆಯನ್ನೇ.

ಇನ್ನೆರಡು ಪುಟ ತಿರುವಿ ಹಾಕಿ. ಲಂಚ ತಿಂದ ಅಧಿಕಾರಿ ಸಿಗುತ್ತಾನೆ, ಪೊಲೀಸರಿಂದ ಏಟು ತಿಂದ ಕಳ್ಳ ಸಿಗುತ್ತಾನೆ. ನಿಮ್ಮ ಪಟ್ಟಿಯಲ್ಲಿ ಈಗ ಇಡ್ಲಿಯ ಪಕ್ಕ ಲಂಚ ಕೂತಿದೆ. ಅಷ್ಟಕ್ಕೇ ನಿಂತಿದ್ದರೆ ಚಿಂತೆ ಇರಲಿಲ್ಲ. ಲಂಚವೂ ಒಂದು ತಿಂಡಿ ಎಂದು ನಂಬಿದ ಯಂತ್ರ, ಲಂಚ ಎಂಬ ಪದ ಬೇರೆಲ್ಲಿ ಬರುತ್ತದೆ ಎಂದು ಹುಡುಕುತ್ತದೆ. ‘ಲಂಚ ಪಡೆದ’ ಸಿಗುತ್ತದೆ. ಹಾಗಾದರೆ ‘ಪಡೆದ’ ಎಂಬುದರ ಹಿಂದೆ ಬರುವುದೆಲ್ಲ ತಿಂಡಿಯೇ ಇರಬೇಕು. ಸಾಲ ಪಡೆದ, ಪದವಿ ಪಡೆದ, ಜಾಮೀನು ಪಡೆದ. ನಾಲ್ಕೇ ಸುತ್ತಿನಲ್ಲಿ ಜಾಮೀನು ಬಾಳೆಲೆಯ ಮೇಲೆ ಬಂದು ಕೂತಿತು.

ಓದಿ ಓದಿ ಮರುಳಾದ ಕೂಚಂಭಟ್ಟ ಎನ್ನುತ್ತೇವಲ್ಲ, ಯಂತ್ರಗಳಿಗೆ ಆಗುತ್ತಿದ್ದದ್ದು ಅದೇ. ಓದಿದಷ್ಟೂ ತಿಳಿವಳಿಕೆ ಹೆಚ್ಚುವ ಬದಲು ಕೆಡುತ್ತಿತ್ತು. ಅರ್ಥ ಹೀಗೆ ಜಾರುವುದನ್ನು ತಡೆಯುವ ಬಗೆ ಹೇಗೆಂದು ಹುಡುಕಿದವರ ಕತೆ ಇದು. ಅವರು ಕಂಡುಕೊಂಡ ಉತ್ತರ ಇವತ್ತಿಗೂ ನನಗೆ ಬೆರಗು ಹುಟ್ಟಿಸುತ್ತದೆ. ಒಂದು ವಿಷಯವನ್ನು ಕಲಿಸುವುದು ಕಷ್ಟ. ನೂರು ವಿಷಯಗಳನ್ನು ಒಟ್ಟಿಗೆ ಕಲಿಸುವುದು ಸುಲಭ.

ಈ ದಾರಿ ಹಿಡಿಯುವ ಮೊದಲು ಬೇರೆಯವರು ಬೇರೆ ದಾರಿ ನೋಡಿದ್ದರು. ಅಮೆರಿಕದ ಡಗ್ಲಸ್ ಲೆನಾಟ್ 1984ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ‘ಸೈಕ್’ ಎಂಬ ಯೋಜನೆ ಶುರು ಮಾಡಿದರು. ನೀರು ಒದ್ದೆ ಮಾಡುತ್ತದೆ, ಸತ್ತವರು ಅಂಗಡಿಗೆ ಹೋಗುವುದಿಲ್ಲ, ಇಂಥ ಸಾಮಾನ್ಯ ಜ್ಞಾನವನ್ನೆಲ್ಲ ಒಂದೊಂದಾಗಿ ಕೈಯಿಂದಲೇ ಬರೆದು ಯಂತ್ರಕ್ಕೆ ತುಂಬುವುದು. ದಶಕಗಳ ಕಾಲ ಜನ ಕೂತು ಬರೆದರು. ಆ ಶ್ರದ್ಧೆಗೆ ಕೈ ಮುಗಿಯಬೇಕು. ಆದರೆ ಬರೆಯುವ ಕೈಗಿಂತ ಲೋಕ ಯಾವಾಗಲೂ ದೊಡ್ಡದೇ.

1992ರಲ್ಲಿ ಮಾರ್ಟಿ ಹರ್ಸ್ಟ್ ಎಂಬ ಸಂಶೋಧಕಿ ಒಂದು ಸರಳ ಸಂಗತಿಯನ್ನು ಎತ್ತಿ ತೋರಿಸಿದರು. ವಿಶ್ವಕೋಶದ ಒಂದು ವಾಕ್ಯದಲ್ಲಿ ಆಫ್ರಿಕದ ಒಂದು ತಂತಿವಾದ್ಯದ ಹೆಸರಿತ್ತು. ಓದುವವರು ಆ ಹೆಸರನ್ನು ಹಿಂದೆಂದೂ ಕೇಳಿರಲಾರರು. ಆದರೂ ವಾಕ್ಯದ ಕಟ್ಟು ನೋಡಿದರೆ ಅದು ತಂತಿವಾದ್ಯ ಎಂದು ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ‘ಏಕತಾರಿ, ಚೌಡಿಕೆ ಮುಂತಾದ ತಂತಿವಾದ್ಯಗಳು’ ಎಂದು ಓದಿದ ಮಗು, ಚೌಡಿಕೆಯನ್ನು ಕಣ್ಣಾರೆ ನೋಡದೆಯೇ ಅದಕ್ಕೆ ತಂತಿ ಇದೆ ಎಂದು ತಿಳಿಯುವುದಿಲ್ಲವೆ, ಹಾಗೆ. ‘ಮುಂತಾದ’, ‘ಮೊದಲಾದ’ ಎಂಬ ಪುಟ್ಟ ಪದಗಳ ಹೆಗಲ ಮೇಲೆ ಎಷ್ಟು ಜ್ಞಾನ ಕೂತಿದೆ ಎಂದು ಅದಕ್ಕೆ ಮೊದಲು ಯಾರೂ ಅಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ.

ಆರು ವರ್ಷಗಳ ನಂತರ, 1998ರಲ್ಲಿ, ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ ಸೆರ್ಗೆ ಬ್ರಿನ್ ಇದನ್ನು ವೆಬ್ ಪುಟಗಳ ಮೇಲೆ ಹಚ್ಚಿ ನೋಡಿದರು. ಗೂಗಲ್ ಕಟ್ಟಿದ ಇಬ್ಬರಲ್ಲಿ ಒಬ್ಬರು ಅವರೇ. ಯಂತ್ರಕ್ಕೆ ಅವರು ಕೊಟ್ಟದ್ದು ಐದೇ ಐದು ಪುಸ್ತಕಗಳ ಹೆಸರು ಮತ್ತು ಅವುಗಳ ಲೇಖಕರು. ಡಿಕನ್ಸ್, ಷೇಕ್ಸ್‌ಪಿಯರ್, ಅಸಿಮೋವ್ ಆ ಐವರಲ್ಲಿದ್ದರು. ಆ ಹೆಸರುಗಳು ಪುಟಗಳಲ್ಲಿ ಹೇಗೆ ಅಕ್ಕಪಕ್ಕ ಬರುತ್ತವೆ ಎಂದು ಯಂತ್ರ ನೋಡಿಕೊಂಡಿತು, ಅದೇ ಅಚ್ಚಿನಲ್ಲಿ ಬೇರೆ ಹೆಸರುಗಳನ್ನು ಹಿಡಿಯಿತು, ಹೊಸ ಹೆಸರುಗಳಿಂದ ಹೊಸ ಅಚ್ಚು ಕಲಿಯಿತು. ಕೊನೆಗೆ ಸಿಕ್ಕದ್ದು 15 ಸಾವಿರಕ್ಕೂ ಹೆಚ್ಚು ಪುಸ್ತಕಗಳು. ನಡುವೆ ಒಂದು ಎಡವಟ್ಟಾಗಿತ್ತು. 242 ಪುಸ್ತಕಗಳಿಗೆ ‘ಉಪಸಂಹಾರ’ ಎಂಬ ಅರ್ಥದ ಇಂಗ್ಲಿಷ್ ಪದವನ್ನೇ ಯಂತ್ರ ಲೇಖಕರ ಹೆಸರೆಂದು ಹಿಡಿದಿತ್ತು. ಬ್ರಿನ್ ಅವನ್ನು ಕೈಯಿಂದ ತೆಗೆದುಹಾಕಿದರು. ಇಡೀ ಪ್ರಯೋಗದಲ್ಲಿ ಮನುಷ್ಯರ ಕೈ ಬಿದ್ದದ್ದು ಅಲ್ಲಿ ಮಾತ್ರ. ಆ ಒಂದು ಕೈಯಾಡಿಕೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದೇ ದೊಡ್ಡ ವಿಷಯವಾಗುತ್ತದೆ.

ಅದೇ 1998ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅವ್ರಿಮ್ ಬ್ಲಮ್ ಮತ್ತು ಟಾಮ್ ಮಿಚೆಲ್ ಒಂದು ಪ್ರಬಂಧ ಬರೆದರು. ನಮ್ಮ ಕತೆಯ ಬೀಜ ಅದರಲ್ಲಿದೆ. ಕಾಲೇಜುಗಳ ವೆಬ್ ಪುಟಗಳ ರಾಶಿಯಲ್ಲಿ ಯಾವುದು ಪಾಠಕ್ರಮದ ಪುಟ, ಯಾವುದಲ್ಲ ಎಂದು ಯಂತ್ರ ವಿಂಗಡಿಸಬೇಕಿತ್ತು. ಅವರು ಒಬ್ಬನ ಬದಲು ಇಬ್ಬರು ವಿದ್ಯಾರ್ಥಿಗಳನ್ನು ಇಟ್ಟರು ಎನ್ನಬಹುದು. ಒಬ್ಬ ಪುಟದೊಳಗಿನ ಪದಗಳನ್ನಷ್ಟೇ ನೋಡುತ್ತಾನೆ. ಇನ್ನೊಬ್ಬ, ಬೇರೆ ಪುಟಗಳಿಂದ ಅಲ್ಲಿಗೆ ಬರುವ ಕೊಂಡಿಯ ಮೇಲೆ ಏನು ಬರೆದಿದೆ ಎಂಬುದನ್ನಷ್ಟೇ ನೋಡುತ್ತಾನೆ. ತನಗೆ ಖಚಿತವಿದ್ದದ್ದನ್ನು ಒಬ್ಬ ಹೇಳಿದರೆ ಇನ್ನೊಬ್ಬನಿಗೆ ಅದೇ ಪಾಠ. ಮನುಷ್ಯರು ಗುರುತು ಹಾಕಿಕೊಟ್ಟದ್ದು 12 ಪುಟಗಳು ಮಾತ್ರ. ಅಷ್ಟರಿಂದಲೇ ತಪ್ಪಿನ ಪ್ರಮಾಣ ಶೇ. 11ರಿಂದ ಶೇ. 5ಕ್ಕೆ ಇಳಿಯಿತು. ಒಂದೇ ವಸ್ತುವನ್ನು ಎರಡು ಕಡೆಯಿಂದ ನೋಡುವವರು ಪರಸ್ಪರರ ತಪ್ಪು ತಿದ್ದಬಲ್ಲರು, ಮೇಷ್ಟ್ರು ಪಕ್ಕದಲ್ಲಿ ಇಲ್ಲದಿದ್ದರೂ.

ಇಬ್ಬರ ಬದಲು ಇನ್ನೂರು ಮಂದಿ ಇದ್ದರೆ? ಮಿಚೆಲ್ ಮತ್ತು ಅವರ ವಿದ್ಯಾರ್ಥಿ ಆಂಡ್ರೂ ಕಾರ್ಲ್‌ಸನ್ ಹತ್ತು ವರ್ಷಗಳ ನಂತರ ಕೇಳಿಕೊಂಡ ಪ್ರಶ್ನೆ ಇದು. ಈ ಹೊತ್ತಿಗೆ ಕಾರ್ನೆಗಿ ಮೆಲನ್‌ನಲ್ಲಿ ಯಂತ್ರಕಲಿಕೆಗೇ ಒಂದು ವಿಭಾಗ ತೆರೆದಿತ್ತು, 2006ರಲ್ಲಿ. ಅದರ ಮೊದಲ ಮುಖ್ಯಸ್ಥರು ಮಿಚೆಲ್.

ನಮ್ಮ ಲಂಚದ ಕತೆಗೇ ಬನ್ನಿ. ತಿಂಡಿಗಳ ಪಟ್ಟಿಯೊಂದನ್ನೇ ಕಲಿಯುವ ಯಂತ್ರ ಲಂಚವನ್ನು ತಡೆಯಲಾರದು, ಅದರ ಬಳಿ ತಡೆಯಲು ಕಾರಣವೇ ಇಲ್ಲ. ಅದೇ ಹೊತ್ತಿನಲ್ಲಿ ಇನ್ನೊಂದು ಯಂತ್ರ ಅಪರಾಧಗಳ ಪಟ್ಟಿ ಕಲಿಯುತ್ತಿದೆ ಎಂದಿಟ್ಟುಕೊಳ್ಳಿ. ಕೊಲೆ, ಕಳವು, ಲಂಚ. ತಿಂಡಿಯಾಗಿರುವುದು ಅಪರಾಧವಾಗಿರಲಾರದು ಎಂಬ ಒಂದು ಮಾತನ್ನು ಮೊದಲೇ ಹೇಳಿಟ್ಟಿದ್ದರೆ, ಲಂಚದ ಹೆಸರು ತಿಂಡಿ ಪಟ್ಟಿಗೆ ಬಂದಾಗ ಅಪರಾಧದ ಪಟ್ಟಿ ‘ಅದು ನಮ್ಮದು’ ಎಂದು ಕೈ ಹಿಡಿದು ಎಳೆದುಕೊಳ್ಳುತ್ತದೆ. ಸಂಬಂಧಗಳೂ ಹೀಗೇ ಕಾವಲು ಕಾಯುತ್ತವೆ. ‘ಇವರು ಈ ತಂಡಕ್ಕೆ ಆಡಿದರು’ ಎಂಬುದು ನಿಜವಾಗಬೇಕಾದರೆ ಒಂದು ತುದಿಯಲ್ಲಿ ಆಟಗಾರ ಇರಬೇಕು, ಇನ್ನೊಂದು ತುದಿಯಲ್ಲಿ ತಂಡ ಇರಬೇಕು. ದ್ರಾವಿಡ್ ರಾಯಲ್ ಚಾಲೆಂಜರ್ಸ್‌ಗೆ ಆಡಿದರು ಎಂಬುದು ದಾಟಿಹೋಗುತ್ತದೆ, ದ್ರಾವಿಡ್ ಮಳೆಗೆ ಆಡಿದರು ಎಂಬುದು ಬಾಗಿಲಲ್ಲೇ ನಿಲ್ಲುತ್ತದೆ. ಪಟ್ಟಿಗಳು ಹೆಚ್ಚಿದಷ್ಟೂ ಕಾವಲು ಹೆಚ್ಚು. ಕೂಡುಕುಟುಂಬದಲ್ಲಿ ಬೆಳೆದ ಮಗುವಿನ ತಪ್ಪು ಬೇಗ ಸಿಕ್ಕಿಬೀಳುತ್ತದೆ, ನೋಡುವ ಕಣ್ಣುಗಳು ಹೆಚ್ಚು.

ಹೀಗೆ ಹುಟ್ಟಿದ್ದು ‘ನೆಲ್’. ಭಾಷೆಯನ್ನು ಕೊನೆಯಿಲ್ಲದೆ ಕಲಿಯುವಾತ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆ ಪುಟ್ಟ ಹೆಸರಾಯಿತು. 2010ರ ಜನವರಿಯಲ್ಲಿ ಅದನ್ನು ಚಾಲೂ ಮಾಡಿದರು. ದಿನದ 24 ಗಂಟೆಯೂ ಓದುವುದೇ ಅದರ ಕಸುಬು. ಮುಂದಿಟ್ಟದ್ದು 50 ಕೋಟಿ ಇಂಗ್ಲಿಷ್ ವೆಬ್ ಪುಟಗಳ ಭಂಡಾರ. ಅಷ್ಟನ್ನು ಓದಲು ಬೇಕಾದ ಕಂಪ್ಯೂಟರುಗಳ ಗುಂಪನ್ನು ಯಾಹೂ ಒದಗಿಸಿತು, ಹಣದ ನೆರವು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮತ್ತು ಗೂಗಲ್‌ನಿಂದ ಬಂತು.

ಮೊದಲ ದಿನ ಅದರ ಕೈಗೆ ಕೊಟ್ಟ ಬುತ್ತಿ ಸಣ್ಣದು. ನಗರ, ಕಂಪನಿ, ಆಟಗಾರ, ಬೆಟ್ಟ ಹೀಗೆ 123 ವರ್ಗಗಳು. ಈ ಆಟಗಾರ ಈ ತಂಡದವನು ಎಂಬಂಥ 55 ಸಂಬಂಧಗಳು. ಪ್ರತಿಯೊಂದಕ್ಕೂ ಹತ್ತು ಹದಿನೈದು ಉದಾಹರಣೆಗಳು. ಯಾವ ವರ್ಗ ಯಾವುದರ ಜೊತೆ ಬೆರೆಯಬಾರದು ಎಂಬ ಕಟ್ಟುಪಾಡು. ಅಷ್ಟೇ, ಉಳಿದದ್ದನ್ನು ಅದೇ ಓದಿ ತಿಳಿಯಬೇಕು.

ಒಳಗೆ ಓದುವವರು ನಾಲ್ವರಿದ್ದರು. ಒಬ್ಬ ವಾಕ್ಯದ ಅಚ್ಚು ನೋಡುವವನು: ‘ಇಂಥ ಊರಿನ ಮೇಯರ್’ ಎಂದಿದ್ದರೆ ಅದು ನಗರ, ‘ಹತ್ತಿದೆ’ ಎಂದಿದ್ದರೆ ಬೆಟ್ಟವಿರಬಹುದು. ಇನ್ನೊಬ್ಬ ಪುಟದ ಮೇಲಿನ ಪಟ್ಟಿಗಳನ್ನೂ ಕೋಷ್ಟಕಗಳನ್ನೂ ನೋಡುವವನು: ಒಂದೇ ಸಾಲಿನಲ್ಲಿ ಮೂರು ಕಾರುಗಳ ಹೆಸರಿದ್ದರೆ ನಾಲ್ಕನೆಯದೂ ಕಾರೇ. ಮೂರನೆಯವನು ಪದದ ರೂಪ ನೋಡುತ್ತಾನೆ. ನಮ್ಮಲ್ಲಿ ಹಳ್ಳಿ, ಪುರ, ಕೆರೆ ಎಂದು ಮುಗಿಯುವ ಹೆಸರು ಕೇಳಿದರೆ ಊರು ಎನ್ನುವುದಿಲ್ಲವೆ, ಅಂಥ ಓದು. ನಾಲ್ಕನೆಯವನು ಓದುವುದೇ ಇಲ್ಲ. ಈಗಾಗಲೇ ತಿಳಿದದ್ದನ್ನು ಜೋಡಿಸಿ ಸೂತ್ರ ಹುಡುಕುತ್ತಾನೆ. ಆಟಗಾರ ಈ ತಂಡದವನು, ತಂಡ ಈ ಲೀಗಿನದು, ಹಾಗಾದರೆ ಆಟಗಾರನೂ ಈ ಲೀಗಿನವನು. ಇಂಥ ಸೂತ್ರಗಳನ್ನು ಮನುಷ್ಯರು ನೋಡಿ ಒಪ್ಪಿದ ಮೇಲೇ ಬಳಸುತ್ತಿದ್ದರು. ನಾಲ್ವರೂ ತಂದದ್ದನ್ನು ತೂಗಿ ನೋಡಿ, ಗಟ್ಟಿ ಅನ್ನಿಸಿದ್ದನ್ನು ಮಾತ್ರ ‘ನಂಬಿಕೆ’ಯ ಖಾತೆಗೆ ಏರಿಸುವ ಕೆಲಸ ಇನ್ನೊಂದು ಭಾಗದ್ದು. ನಾಳೆಯ ಓದು ಇವತ್ತಿನ ನಂಬಿಕೆಗಳಿಂದ ಶುರು.

67 ದಿನ ಕಳೆದ ಮೇಲೆ ಲೆಕ್ಕ ತೆಗೆದರು. 66 ಸುತ್ತು ಓದಿ 2,42,453 ಹೊಸ ನಂಬಿಕೆಗಳನ್ನು ಅದು ಗಳಿಸಿತ್ತು. ಅವುಗಳಲ್ಲಿ ಸುಮಾರು ಶೇ. 74 ಸರಿ. ತಾನಾಗಿಯೇ ಕಲಿತದ್ದಕ್ಕೆ ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಲೆಕ್ಕವನ್ನು ಮೂರು ಪಾಲು ಮಾಡಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಮೊದಲ 22 ಸುತ್ತುಗಳಲ್ಲಿ ಕಲಿತದ್ದು ಶೇ. 90 ಸರಿಯಿತ್ತು. ನಡುವಿನ ಸುತ್ತುಗಳಲ್ಲಿ ಶೇ. 71. ಕೊನೆಯವುಗಳಲ್ಲಿ ಶೇ. 57. ಸುಲಭದ್ದನ್ನು ಮೊದಲು ಕಲಿತು ಕಷ್ಟದ್ದಕ್ಕೆ ಕೈ ಹಾಕಿದಾಗ ತಪ್ಪು ಹೆಚ್ಚುವುದು ಒಂದು ಕಾರಣ. ಹಳೆಯ ತಪ್ಪಿನ ಮೇಲೆ ಹೊಸ ತಪ್ಪು ಬೆಳೆಯುವುದು ಇನ್ನೊಂದು. ಜಾರುವುದು ನಿಧಾನವಾಗಿತ್ತು, ನಿಂತಿರಲಿಲ್ಲ. ಆ ಅಂಕಿಗಳನ್ನು ಮಿಚೆಲ್ ತಂಡ ಮುಚ್ಚಿಡದೆ ಪ್ರಬಂಧದಲ್ಲಿ ಅಚ್ಚು ಹಾಕಿತು. ಈ ಕತೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ್ದು ಆ ನಡೆ.

ಜಾರಿದ ಒಂದು ಜಾಗವನ್ನು ಹತ್ತಿರದಿಂದ ನೋಡೋಣ. 2010ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನು ವರದಿ ಮಾಡಿತು. ನೆಲ್‌ನ ವರ್ಗಗಳಲ್ಲಿ ಬೇಕರಿ ತಿನಿಸೂ ಒಂದು. ಬ್ರೆಡ್ಡು, ಕೇಕು, ಪೈ, ಕುಕಿ ಎಲ್ಲವನ್ನೂ ಅದು ಚೆನ್ನಾಗಿ ಗುರುತಿಸುತ್ತಿತ್ತು. ಒಂದು ದಿನ ‘ಇಂಟರ್ನೆಟ್ ಕುಕಿ’ ಎಂಬುದು ಎದುರಾಯಿತು. ನಾವು ನೋಡುವ ತಾಣಗಳು ನಮ್ಮ ಕಂಪ್ಯೂಟರಿನಲ್ಲಿ ಬಿಟ್ಟುಹೋಗುವ ಸಣ್ಣ ಗುರುತಿಗೆ ಆ ಹೆಸರಿದೆ. ಪದದ ರೂಪ ನೋಡುವ ಓದುಗ, ಕೊನೆಯಲ್ಲಿ ಕುಕಿ ಎಂದಿದೆ, ಇದೂ ಬೇಕರಿಯದೇ ಎಂದ. ಅಲ್ಲ ಎಂದು ತಡೆಯುವಷ್ಟು ತಿಳಿವಳಿಕೆ ನೆಲ್‌ನ ಬೇರೆ ಪಟ್ಟಿಗಳಲ್ಲಿ ಇರಲಿಲ್ಲ. ಆಮೇಲೆ ‘ನನ್ನ ಇಂಟರ್ನೆಟ್ ಕುಕಿಗಳನ್ನು ಅಳಿಸಿದೆ’ ಎಂಬ ವಾಕ್ಯಗಳು ಸಿಕ್ಕವು. ಬೇಕರಿ ತಿನಿಸನ್ನು ಅಳಿಸುವುದೂ ಉಂಟು ಎಂದು ನೆಲ್ ಕಲಿಯಿತು. ‘ನನ್ನ ಫೈಲುಗಳನ್ನು ಅಳಿಸಿದೆ’ ಎಂದು ಓದಿದಾಗ ಫೈಲುಗಳನ್ನೂ ಒಲೆಯಿಂದ ಇಳಿದ ತಿನಿಸುಗಳ ಸಾಲಿಗೆ ಸೇರಿಸಿತು. ನಮ್ಮ ಲಂಚ ಮತ್ತು ಜಾಮೀನಿನ ಕತೆಯೇ, ಬೇರೆ ಭಾಷೆಯಲ್ಲಿ.

ಇಲ್ಲಿ ಕಲಿಯಬೇಕಾದದ್ದು ಸೂಕ್ಷ್ಮವಾಗಿದೆ. ನೂರು ಪಟ್ಟಿಗಳು ಒಂದನ್ನೊಂದು ಕಾಯುತ್ತವೆ ಎಂಬ ಮಾತು ಸುಳ್ಳಾಗಲಿಲ್ಲ. ಕಾವಲಿನವರಿಲ್ಲದ ಬಾಗಿಲಿನಿಂದ ಕಳ್ಳ ಬಂದ, ಅಷ್ಟೆ. ಕಂಪ್ಯೂಟರಿಗೆ ಸಂಬಂಧಿಸಿದ ಸಂಗತಿಗಳ ಪಟ್ಟಿ ಬಲವಾಗಿದ್ದರೆ ಕುಕಿಯನ್ನು ಅದು ಎಳೆದುಕೊಳ್ಳುತ್ತಿತ್ತು. ಮಿಚೆಲ್ ತಂಡವೂ ಹಾಗೇ ಯೋಚಿಸಿತು, ವರ್ಗಗಳನ್ನು ಹೆಚ್ಚಿಸುತ್ತ ಹೋಯಿತು.

ಜೊತೆಗೆ ಇನ್ನೊಂದು ತೀರ್ಮಾನವನ್ನೂ ತೆಗೆದುಕೊಂಡಿತು. ಮೊದಲ ಆರು ತಿಂಗಳು ನಂಬಿಕೆಗಳನ್ನು ತಿದ್ದಲು ಯಾರೂ ಕೈ ಹಾಕದೆ ಬಿಟ್ಟಿದ್ದರು. ಆಗ ಮುಕ್ಕಾಲು ಭಾಗ ವರ್ಗಗಳಲ್ಲಿ ಶೇ. 90ಕ್ಕೂ ಮೇಲೆ ಸರಿಯಿತ್ತು, ಉಳಿದ ಕಾಲು ಭಾಗ ಕೆಟ್ಟುಹೋಗಿತ್ತು, ಕೆಲವು ಶೇ. 25ಕ್ಕೆ ಇಳಿದಿದ್ದವು. 2010ರ ಜೂನ್‌ನಿಂದ ಕೆಲವು ವಾರಗಳಿಗೊಮ್ಮೆ ಕೂತು, ಒಂದೊಂದು ವರ್ಗದ ಮೇಲೆ ಸುಮಾರು ಐದು ನಿಮಿಷ ಕಣ್ಣಾಡಿಸಿ, ಎದ್ದು ಕಾಣುವ ತಪ್ಪುಗಳಿಗೆ ಮಾತ್ರ ಗುರುತು ಹಾಕಲು ಶುರು ಮಾಡಿದರು. ಯಂತ್ರ ದಿನವಿಡೀ ಓದುತ್ತದೆ, ಮನುಷ್ಯರು ಐದು ನಿಮಿಷ ತಿದ್ದುತ್ತಾರೆ. ಮಗ್ಗಿ ಒಪ್ಪಿಸುವ ಮಗು ಏಳೆಂಟಲಿ ಐವತ್ತನಾಲ್ಕು ಎಂದಾಗ ಅಮ್ಮ ಒಲೆಯ ಮುಂದಿನಿಂದಲೇ ‘ಐವತ್ತಾರು’ ಅನ್ನುತ್ತಾಳಲ್ಲ, ಅಷ್ಟು ಸಾಕಾಗುತ್ತದೆ. ಆ ಒಂದು ಮಾತು ಬೀಳದಿದ್ದರೆ ಆಮೇಲಿನ ಲೆಕ್ಕವೆಲ್ಲ ತಪ್ಪು. ಬ್ರಿನ್ ತೆಗೆದುಹಾಕಿದ 242 ಹೆಸರುಗಳು ಈಗ ನೆನಪಾಗಬೇಕು. ತಾನೇ ಕಲಿಯುವ ಯಂತ್ರ ಎಂಬ ಹೊಗಳಿಕೆಯ ಹಿಂದೆ ಈ ಐದು ನಿಮಿಷವೂ ಇತ್ತು. ಅದನ್ನು ಹೇಳದೆ ಕತೆ ಹೇಳುವವರು ಅರ್ಧ ಕತೆ ಹೇಳುತ್ತಾರೆ.

ಟ್ವಿಟರಿನಲ್ಲೂ ನೆಲ್‌ಗೆ ಒಂದು ಖಾತೆ ಇತ್ತು. ತಾನು ಹೊಸದಾಗಿ ನಂಬಿದ್ದನ್ನು ಅದು ಅಲ್ಲಿ ಹೇಳುತ್ತಿತ್ತು, ಓದಿದವರು ಹೌದು ಅಲ್ಲ ಎನ್ನುತ್ತಿದ್ದರು.

ವರ್ಷಗಳು ಕಳೆದಂತೆ ಅದರ ಓದು ಬೆಳೆಯಿತು. ತಿಳಿದ ಸಂಗತಿಗಳ ನಡುವೆ ದಾರಿ ಹುಡುಕಿ ಓದದೇ ಇದ್ದದ್ದನ್ನೂ ಊಹಿಸುವ ವಿಧಾನ 2011ರಲ್ಲಿ ಬಂತು. ಬ್ರೆಜಿಲ್‌ನ ಎಸ್ತೆವಾಮ್ ಹ್ರುಶ್ಕಾ ಮೊದಲಿನಿಂದಲೂ ತಂಡದಲ್ಲಿದ್ದರು. ಅವರ ಮೂಲಕ ಪೋರ್ಚುಗೀಸ್ ಭಾಷೆಯ ಪುಟಗಳನ್ನು ಓದಿಸುವ ಕೆಲಸವೂ ನಡೆಯಿತು. ಬರೆದದ್ದರ ಬದಲು ಚಿತ್ರಗಳನ್ನು ನೋಡಿ ಕಲಿಯುವ ‘ನೀಲ್’ ಎಂಬ ತಮ್ಮನೂ 2013ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ. ಕಾರ್ನೆಗಿ ಮೆಲನ್‌ನಲ್ಲಿ ಮಿಚೆಲ್ ಜೊತೆ ಕೆಲಸ ಮಾಡಿ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪಾರ್ಥ ಪ್ರತಿಮ ತಾಲೂಕ್ದಾರ್ ಕೂಡ ನೆಲ್ ಬಗ್ಗೆ ಬಂದ ಮುಖ್ಯ ಪ್ರಬಂಧಗಳ ಲೇಖಕರಲ್ಲಿ ಒಬ್ಬರು. ಅಂಥ ಒಂದು ಪ್ರಬಂಧ 2018ರಲ್ಲಿ ಅಚ್ಚಾಯಿತು. ಆ ಹೊತ್ತಿಗೆ ನೆಲ್‌ನ ಖಾತೆಯಲ್ಲಿ 12 ಕೋಟಿ ನಂಬಿಕೆಗಳಿದ್ದವು. ಎಲ್ಲವನ್ನೂ ಅದು ಒಂದೇ ಸಮನೆ ನಂಬಿರಲಿಲ್ಲ, ಒಂದೊಂದರ ಪಕ್ಕದಲ್ಲೂ ಎಷ್ಟು ಭರವಸೆ ಎಂಬ ಅಂಕ ಇರುತ್ತಿತ್ತು. ಆ ಕೋಟಿಗಳಲ್ಲಿ ಉದಾಹರಣೆಗೆಂದು ಲೇಖಕರು ಆರಿಸಿ ಮೊದಲಲ್ಲೇ ಬರೆದದ್ದು ಒಂದನ್ನು: ಚಹಾದ ಜೊತೆ ಬಿಸ್ಕತ್ತು ಕೊಡುತ್ತಾರೆ. ಕುಕಿಯಲ್ಲಿ ಎಡವಿದ ಯಂತ್ರ ಅಷ್ಟು ದೂರ ಬಂದಿತ್ತು.

ಇವತ್ತು ನಮ್ಮ ಫೋನಿನಲ್ಲಿ ಮಾತಾಡುವ ದೊಡ್ಡ ಭಾಷಾ ಮಾದರಿಗಳು ಬೇರೆ ದಾರಿಯಲ್ಲಿ ಬಂದವು. ಅವು ಪಟ್ಟಿ ಮಾಡುವುದಿಲ್ಲ; ಮುಂದಿನ ಪದ ಯಾವುದೆಂದು ಊಹಿಸುತ್ತ ಊಹಿಸುತ್ತ ಅಪಾರವಾದದ್ದನ್ನು ಒಳಗಿಳಿಸಿಕೊಂಡಿವೆ. ಮಾತಿನ ಚೆಲುವಿನಲ್ಲಿ ನೆಲ್ ಅವುಗಳ ಹತ್ತಿರವೂ ಸುಳಿಯಲಾರದು. ಆದರೂ ಎರಡು ವಿಷಯಗಳಲ್ಲಿ ನಾನು ನೆಲ್ ಪರ. ಭಾಷಾ ಮಾದರಿಯ ಮೂಲ ಓದು ಒಂದು ದಿನಾಂಕಕ್ಕೆ ನಿಂತುಬಿಡುತ್ತದೆ. ಆಮೇಲಿನದನ್ನು ಹೊರಗಿನಿಂದ ಎತ್ತಿ ಕೊಡಬೇಕು. ನೆಲ್‌ಗೆ ನಿನ್ನೆಯ ಓದು ಇವತ್ತಿನ ಓದಿಗೆ ಮೆಟ್ಟಿಲಾಗಿತ್ತು. ಎರಡನೆಯದು ಇನ್ನೂ ದೊಡ್ಡದು. ಇದನ್ನು ಏಕೆ ನಂಬಿದೆ ಎಂದು ನೆಲ್‌ನ ಯಾವ ನಂಬಿಕೆಯನ್ನಾದರೂ ಕೇಳಬಹುದಿತ್ತು. ಒಳಗಿನ ಯಾವ ಓದುಗ, ಯಾವ ಸುತ್ತಿನಲ್ಲಿ, ಯಾವ ಅಚ್ಚು ನೋಡಿ ತಂದದ್ದು ಎಂದು ಖಾತೆಯಲ್ಲಿ ಬರೆದಿರುತ್ತಿತ್ತು. ಕುಕಿಯ ತಪ್ಪು ಎಲ್ಲಿ ಹುಟ್ಟಿತು ಎಂದು ಮಿಚೆಲ್‌ಗೆ ಬೆರಳಿಟ್ಟು ತೋರಿಸಲು ಆದದ್ದು ಅದರಿಂದ. ಮಾತು ಬಲ್ಲ ಯಂತ್ರಗಳು ಈ ಲೆಕ್ಕ ಒಪ್ಪಿಸುವ ಗುಣವನ್ನು ಮತ್ತೆ ಕಲಿಯಬೇಕು.

ಕನ್ನಡಕ್ಕೆ ಇದರಲ್ಲಿ ಏನಿದೆ ಎಂದು ಕೇಳಬಹುದು. ನೆಲ್ ಓದಿದ ಪುಟಗಳು ಬಂದದ್ದು 2009ರಲ್ಲಿ ಕಾರ್ನೆಗಿ ಮೆಲನ್‌ನಲ್ಲೇ ಕೂಡಿಸಿದ 100 ಕೋಟಿ ಪುಟಗಳ ಭಂಡಾರದಿಂದ. ಅದರಲ್ಲಿ ಹತ್ತು ಭಾಷೆಗಳಿದ್ದವು. ಇಂಗ್ಲಿಷ್, ಚೀನೀ, ಸ್ಪ್ಯಾನಿಷ್, ಜಪಾನಿ, ಫ್ರೆಂಚ್, ಜರ್ಮನ್, ಪೋರ್ಚುಗೀಸ್, ಅರಬ್ಬಿ, ಇಟಾಲಿಯನ್, ಕೊರಿಯನ್. ಭಾರತದ ಒಂದು ಭಾಷೆಯೂ ಇರಲಿಲ್ಲ.

ಇದ್ದಿದ್ದರೂ ಕೆಲಸ ಸಲೀಸಾಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಊರಿನ ಹೆಸರು ಇದ್ದಂತೇ ಇರುತ್ತದೆ, ಸುಳಿವಿನ ಪದ ಅದರ ಮುಂದೆ ಬೇರೆಯಾಗಿ ನಿಲ್ಲುತ್ತದೆ. ನಮ್ಮಲ್ಲಿ ಮೈಸೂರಿಗೆ, ಮೈಸೂರಿನಲ್ಲಿ, ಮೈಸೂರಿನಿಂದ, ಮೈಸೂರಿನವರು. ಸುಳಿವು ಪದದ ಬಾಲಕ್ಕೇ ಅಂಟಿಕೊಂಡಿದೆ. ಬಿಡಿಸಿ ಓದಲು ಕಲಿಸಬೇಕು, ಕಲಿಸಲು ಬರಹದ ರಾಶಿ ಬೇಕು. ಇನ್ನೂ ಒಂದು ಮಾತು. ಒಂದೇ ಕಡೆ ಓದಿದ್ದನ್ನು ನೆಲ್ ಸುಲಭಕ್ಕೆ ನಂಬುತ್ತಿರಲಿಲ್ಲ. ಒಂದೇ ಸಂಗತಿಯನ್ನು ಬೇರೆ ಬೇರೆಯವರು ಬೇರೆ ಬೇರೆ ಮಾತಿನಲ್ಲಿ ಬರೆದಿದ್ದರೆ ಅದರ ಅಂಕ ಏರುತ್ತಿತ್ತು. ಒಬ್ಬರು ಒಂದು ಸಲ ಬರೆದು ಸುಮ್ಮನಾದರೆ ಯಂತ್ರದ ಪಾಲಿಗೆ ಅದು ಗಾಳಿಮಾತು.

ನಿಮ್ಮೂರಿನ ಕೆರೆಯ ಹೆಸರು, ಅದನ್ನು ಕಟ್ಟಿಸಿದವರು ಯಾರು, ಅದರ ನೀರು ಯಾವ ಗದ್ದೆಗಳಿಗೆ ಹರಿಯುತ್ತದೆ ಎಂಬುದು ಕನ್ನಡ ವಿಕಿಪೀಡಿಯದಲ್ಲಾಗಲಿ ಬೇರೆ ಕಡೆಯಾಗಲಿ ಕನ್ನಡದಲ್ಲಿ ಇದೆಯೇ ಎಂದು ಇವತ್ತು ಒಮ್ಮೆ ಹುಡುಕಿ ನೋಡಿ. ಇದ್ದರೆ, ತಪ್ಪಿರುವ ಕಡೆ ತಿದ್ದಿ. ಇಲ್ಲದಿದ್ದರೆ ನೀವು ಬರೆಯಿರಿ, ಪಕ್ಕದ ಮನೆಯವರಿಂದಲೂ ಅವರದೇ ಮಾತಿನಲ್ಲಿ ಬರೆಸಿ.